ಹಡಗಿನ ಸಿಪಾಯಿ ಯಾರ ಸಿಪಾಯಿ?



ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಅವರ ತಾಸನ್ನು ನಾನು ತೆಗೆದುಕೊಂಡಿದ್ದೆ. ಪಾಠ ಮೈಸೂರು ಯುದ್ಧಗಳದ್ದು. ಹೈದರ್ ಅಲಿಗೆ ಮಂಗಳೂರಿನಲ್ಲಿ ಹಡಗುಗಳಿದ್ದವು ಎಂಬ ಮಾತು ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ, ಮರೀನ್ ಅಂತಾರಲ್ಲರಿ, ಅವ್ರು ಮಿಲಿಟ್ರಿ ಮಂದಿನೋ ನೇವಿ ಮಂದಿನೋ?"

ಆ ಹುಡುಗನ ತಂದೆ ಹಮಾಲಿ ಕೆಲಸದವರು. ಮಗ ಸೈನ್ಯಕ್ಕೆ ಸೇರಬೇಕೆಂಬುದು ಮನೆಯವರ ಆಸೆ. ಟಿವಿಯಲ್ಲಿ ಕಪ್ಪು ಉಡುಪಿನ ಮರೀನ್ ಕಮಾಂಡೋಗಳನ್ನು ನೋಡಿ ಹುಡುಗನಿಗೆ ಅದೇ ಗುಂಗು ಹಿಡಿದಿತ್ತು. ಆದರೆ ಅರ್ಜಿ ಎಲ್ಲಿಗೆ ಹಾಕಬೇಕು, ಭೂಸೇನೆಗೋ ನೌಕಾಪಡೆಗೋ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ಕ್ಷಣ ಸರಿಯಾದ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳ್ತೀನಿ ಕೂಡಪಾ" ಎಂದೆ. ಆ ನಾಳೆ ಬರಲು ಹಲವು ವಾರಗಳೇ ಹಿಡಿದವು. ಹುಡುಗ ಕೇಳಿದ ಈ ಸಣ್ಣ ಪ್ರಶ್ನೆಗೆ ದೊಡ್ಡ ದೊಡ್ಡ ರಾಜರೂ ಸರಕಾರಗಳೂ ಉತ್ತರ ಹುಡುಕಿ ತೊಳಲಾಡಿವೆ ಎಂಬುದು ಓದುತ್ತ ಹೋದಂತೆ ತಿಳಿಯಿತು.

ನವಲಗುಂದ, ಕುಂದಗೋಳ, ಅಣ್ಣಿಗೇರಿಯ ನಮ್ಮ ಎರೆ ಭೂಮಿಯ ಮಕ್ಕಳಿಗೆ ಕಡಲೆಂದರೆ ನಕ್ಷೆಯ ಮೇಲಿನ ನೀಲಿ ಬಣ್ಣ. ನಾವು ಕಾಣುವ ದೊಡ್ಡ ನೀರೆಂದರೆ ಮಳೆಗಾಲದಲ್ಲಿ ತುಂಬಿ ಹೊಲಗಳಿಗೆ ನುಗ್ಗುವ ಬೆಣ್ಣಿಹಳ್ಳ. ಆದರೂ ಕಲಘಟಗಿ ದಾಟಿ ಯಲ್ಲಾಪುರದ ಘಟ್ಟ ಇಳಿದರೆ ಅರ್ಧ ದಿನದಲ್ಲಿ ಕಾರವಾರ ಸಿಗುತ್ತದೆ. ಕಡಲು ನಮಗೆ ಅಷ್ಟು ದೂರವಲ್ಲ, ನಮ್ಮ ಇತಿಹಾಸಕ್ಕಂತೂ ದೂರವೇ ಅಲ್ಲ.

ಮೊದಲು ಶಬ್ದವನ್ನು ನೋಡೋಣ. ಮರೀನ್ ಎಂದರೆ ಹಡಗು ನಡೆಸುವ ನಾವಿಕನಲ್ಲ. ಹಡಗಿನಲ್ಲಿ ಪ್ರಯಾಣ ಮಾಡಿ, ಹಡಗಿನ ಮೇಲೆ ನಿಂತೋ ದಡಕ್ಕೆ ಇಳಿದೋ ಬಂದೂಕು ಹಿಡಿದು ಕಾದಾಡುವ ಸಿಪಾಯಿ. ಹಾಯಿ, ಚುಕ್ಕಾಣಿ, ಲಂಗರು ನಾವಿಕನ ಕೆಲಸ, ಕಾದಾಟ ಇವನ ಕೆಲಸ. ಉರ್ದು ಓದುವ ಮಕ್ಕಳಿಗೆ ಇಲ್ಲಿ ಒಂದು ಮಾತು ಹೇಳಬೇಕು. ಇಂಗ್ಲಿಷಿನ ಅಡ್ಮಿರಲ್ ಎಂಬ ಪದ ಅರಬ್ಬಿಯ 'ಅಮೀರ್' ಎಂಬ ಪದದಿಂದ ಹುಟ್ಟಿದೆ. 'ಅಮೀರ್ ಅಲ್ ಬಹರ್' ಎಂದರೆ ಕಡಲಿನ ಅಧಿಪತಿ. ಹಡಗಿನ ಅಧಿಪತಿಗೆ ಎಲ್ಲ ಭಾಷೆಗಳಲ್ಲೂ ಗೌರವದ ಹೆಸರಿದೆ. ಹಡಗಿನ ಮೇಲೆ ನಿಂತ ಬಡ ಸಿಪಾಯಿಗೆ ಮಾತ್ರ ಒಂದು ನಿಶ್ಚಿತ ಮನೆ ಸಿಕ್ಕಿರಲಿಲ್ಲ.

ಇಂಗ್ಲೆಂಡಿನಲ್ಲಿ 1664ರಲ್ಲಿ ಮೊದಲ ಬಾರಿಗೆ ಇಂಥ ಒಂದು ಪಡೆ ಕಟ್ಟಿದರು. ಯುದ್ಧ ಬಂದಾಗ ಕಟ್ಟುವುದು, ಮುಗಿದಾಗ ಬರಖಾಸ್ತು ಮಾಡುವುದು, ಹೀಗೆ ಸುಮಾರು 90 ವರ್ಷ ನಡೆಯಿತು. 1755ರಲ್ಲಿ 50 ಕಂಪನಿಗಳ ಕಾಯಂ ಪಡೆ ಮಾಡಿ ಅದನ್ನು ನೌಕಾ ಇಲಾಖೆಯ ಕೈಗೆ ಕೊಟ್ಟರು. ಇಷ್ಟಾದರೂ ತಕರಾರು ಮುಗಿಯಲಿಲ್ಲ. ಹಡಗಿನ ಮೇಲಿದ್ದಾಗ ಅವನಿಗೆ ನೌಕಾಪಡೆಯ ಶಿಸ್ತು, ದಡಕ್ಕಿಳಿದು ಬ್ಯಾರಕ್ ಸೇರಿದಾಗ ಸೈನ್ಯದ ಮಾದರಿಯ ಬೇರೆ ಕಾನೂನು. ಒಬ್ಬನೇ ಮನುಷ್ಯ, ಮರದ ಏಣಿ ಇಳಿಯುವಷ್ಟರಲ್ಲಿ ಕಾನೂನು ಬದಲಾಗುತ್ತಿತ್ತು! ಹಡಗಿನೊಳಗೆ ಅವನ ಮಲಗುವ ಜಾಗವೂ ಅಧಿಕಾರಿಗಳ ಕೋಣೆಗೂ ನಾವಿಕರ ಜಾಗಕ್ಕೂ ನಡುವೆ ಇರುತ್ತಿತ್ತು. ನಾವಿಕರು ದಂಗೆಯೆದ್ದರೆ ತಡೆಯಲೆಂದು. ಹೀಗಾಗಿ ನಾವಿಕರಿಗೂ ಅವನು ಪೂರ್ತಿ ತಮ್ಮವನೆನಿಸಲಿಲ್ಲ.

ನಮ್ಮ ನಾಡಿನ ಕಡೆ ಬರೋಣ. ಧಾರವಾಡ ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಕಾಲದಲ್ಲಿ ಕೊಂಕಣದ ಕಡಲಲ್ಲಿ ಜಂಜೀರಾದ ಸಿದ್ದಿಗಳಿದ್ದರು. ಆಫ್ರಿಕಾ ಮೂಲದ ಈ ಮುಸ್ಲಿಮ್ ಸರದಾರರು ಒಂದು ದ್ವೀಪದ ಕೋಟೆಯಲ್ಲಿದ್ದುಕೊಂಡು ಮೊದಲು ಅಹಮದನಗರಕ್ಕೆ, ನಂತರ ಬಿಜಾಪುರಕ್ಕೆ, 1670ರ ಸುಮಾರಿಗೆ ಮೊಗಲರಿಗೆ ಕಡಲ ಸೇವೆ ಮಾಡಿದರು. ಹಡಗೂ ಅವರದೇ, ಸಿಪಾಯಿಯೂ ಅವರದೇ. ದೊರೆ ಬದಲಾದರೂ ಅವರ ಕೋಟೆ ಬದಲಾಗಲಿಲ್ಲ. ಹಡಗಿನ ಸಿಪಾಯಿ ಯಾರವನೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ 'ನಾವು ನಮ್ಮವರೇ' ಎಂದು. ನಮ್ಮ ಕಲಘಟಗಿ, ಹಳಿಯಾಳದ ಕಾಡಂಚಿನ ಸಿದ್ದಿಗಳನ್ನು ಜಂಜೀರಾದ ನವಾಬರ ವಂಶದವರೆಂದು ಕೆಲವರು ಹೇಳುವುದುಂಟು. ಆ ಮಾತು ಸರಿಯಲ್ಲ. ಇವರ ಹಿರಿಯರಲ್ಲಿ ಬಹಳಷ್ಟು ಮಂದಿ ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಒಬ್ಬರು ಹಡಗಿನ ಒಡೆಯರು, ಇನ್ನೊಬ್ಬರು ಹಡಗಿನಲ್ಲಿ ಸರಕಾಗಿ ಬಂದವರು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2020ರಲ್ಲಿ.

ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಹೊನ್ನಾವರ, ಮಂಗಳೂರು ಮೊದಲಾದ ಬಂದರುಗಳು ಅವನ ಕೈ ಸೇರಿದವು. ಕುದುರೆಯ ಮೇಲೆ ರಾಜ್ಯ ಕಟ್ಟಿದವನ ಕುದುರೆಗಳು ಕಡಲ ದಂಡೆಗೆ ಬಂದು ನಿಂತವು. ಹಡಗು ಕಟ್ಟಲು ಘಟ್ಟದ ಸಾಗುವಾನಿ ಇತ್ತು, ಹಣವಿತ್ತು, ಛಲವಂತೂ ಇದ್ದೇ ಇತ್ತು. ಕಡಲನ್ನು ಬಲ್ಲ ಕಣ್ಣಾನೂರಿನ ಅಲಿ ರಾಜನ ನೆರವನ್ನೂ, ಯುರೋಪಿಯನ್ ಕಪ್ತಾನರ ನೆರವನ್ನೂ ಅವನು ಪಡೆದ. ಕೆಲವೇ ವರ್ಷಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಇಂಗ್ಲಿಷರು ಗಮನಿಸಲೇಬೇಕಾದ ಒಂದು ನೌಕಾದಳ ಸಿದ್ಧವಾಯಿತು.

1768ರ ಆರಂಭದಲ್ಲಿ ನಡೆದದ್ದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಪ್ರಶ್ನೆಯ ತಿರುಳು ಅಲ್ಲೇ ಇದೆ. ಮೊದಲ ಮೈಸೂರು ಯುದ್ಧ ನಡೆದಿತ್ತು. ಹೈದರನು ತನ್ನ ನೌಕಾದಳದ ಮೇಲೆ ಲುತ್ಫ್ ಅಲಿ ಬೇಗ್ ಎಂಬ ಅಶ್ವದಳದ ಸರದಾರನನ್ನು ಮುಖ್ಯಸ್ಥನನ್ನಾಗಿ ನೇಮಿಸಿದ. ದೊರೆಯ ದೃಷ್ಟಿಯಿಂದ ನೋಡಿದರೆ ಇದು ಸಹಜ. ನಂಬಿಗಸ್ತ ಮನುಷ್ಯ, ಯುದ್ಧ ಕಂಡವನು. ಕುದುರೆಯಾದರೇನು, ಹಡಗಾದರೇನು, ಹುಕುಂ ಹುಕುಮೇ ಎಂದು ಹೈದರ್ ಭಾವಿಸಿರಬೇಕು. ಹಡಗಿನ ಕಪ್ತಾನರ ದೃಷ್ಟಿಯೇ ಬೇರೆ. ಗಾಳಿ, ಭರತ, ಇಳಿತ, ಕಲ್ಲುದಿಬ್ಬ ಯಾವುದನ್ನೂ ಅರಿಯದ ಸವಾರನೊಬ್ಬ ತಮಗೆ ಹುಕುಂ ಕೊಡುವುದನ್ನು ಅವರು ಸಹಿಸಲಿಲ್ಲ. ಅವರಲ್ಲಿ ಪ್ರಮುಖನಾದವನು ಸ್ಟಾನೆಟ್ ಎಂಬ ಇಂಗ್ಲಿಷಿನವನು. ಮುಂಬಯಿಯಿಂದ ಇಂಗ್ಲಿಷರ ದಂಡು ಹೊನ್ನಾವರದ ಎದುರು ಬಂದು ನಿಂತಾಗ ಹೈದರನ ಎರಡು ಹಡಗು, ಎರಡು ಗುರಾಬು, ಹತ್ತು ಗಲ್ಬತ್ತುಗಳು ಸಾಲಿನಿಂದ ಹೊರಟು ಹೋಗಿ ಶತ್ರುವನ್ನು ಸೇರಿದವು. ಒಂದು ದೊಡ್ಡ ನೌಕಾ ಯುದ್ಧವೂ ಇಲ್ಲದೆ ಮೈಸೂರಿನ ನೌಕಾದಳ ಮುರಿದುಬಿತ್ತು. ಹೊನ್ನಾವರ ಹೋಯಿತು, ಮಂಗಳೂರು ಹೋಯಿತು. ಕೆಲವೇ ತಿಂಗಳಲ್ಲಿ ಹೈದರನೂ ಹದಿಹರೆಯದ ಟಿಪ್ಪುವೂ ಮಂಗಳೂರನ್ನು ಮರಳಿ ಪಡೆದರು, ಆದರೆ ನೆಲದ ಮೇಲಿನ ದಂಡಿನಿಂದ. ಹೋದ ಹಡಗುಗಳು ಹೋದವು.

ಇದನ್ನು ಓದುವಾಗ ಬರೀ ಸ್ಟಾನೆಟ್‌ನ ದ್ರೋಹವನ್ನೇ ಹಳಿದು ಕೈತೊಳೆದುಕೊಳ್ಳುವ ರೂಢಿ ನಮ್ಮಲ್ಲಿದೆ. ದ್ರೋಹ ದ್ರೋಹವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೇಮಕದ ತಪ್ಪೂ ಇತ್ತು. ಕಡಲ ಮೇಲಿನ ದಂಡು ನೆಲದ ದಂಡಿನ ಒಂದು ತುಣುಕು, ಅದನ್ನು ಯಾರೂ ನಡೆಸಬಹುದು ಎಂಬ ಎಣಿಕೆ ತಪ್ಪಾಗಿತ್ತು. ಹೈದರನ ಸಾಮರ್ಥ್ಯದ ಬಗ್ಗೆ ನನಗೆ ಎಷ್ಟೇ ಅಭಿಮಾನವಿದ್ದರೂ ಇಲ್ಲಿ ಅವನು ಎಡವಿದನೆಂದೇ ಹೇಳಬೇಕು.

ಛಲ ಬಿಡದೆ ಅವನು ಮತ್ತೆ ಹಡಗು ಕಟ್ಟಿಸಿದ. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನ ಮೇಲೆ ಬಿದ್ದು ಅವನ್ನೂ ನಾಶಮಾಡಿದ. ಅದರ ಫಲ 1783ರ ಜನವರಿಯಲ್ಲಿ ಕಂಡಿತು. ಜನರಲ್ ಮ್ಯಾಥ್ಯೂಸ್‌ನ ಸೈನ್ಯ ಹಡಗಿನಲ್ಲಿ ಬಂದು ನಮ್ಮ ಕರಾವಳಿಯಲ್ಲಿ ಇಳಿದು, ಹೊನ್ನಾವರ ಹಿಡಿದು, ಘಟ್ಟ ಹತ್ತಿ ಬಿದನೂರಿಗೇ ಬಂದಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು ಮ್ಯಾಥ್ಯೂಸ್‌ನನ್ನು ಸೆರೆಹಿಡಿದ. 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾಯಿತು. ಆದರೆ ದಡದಲ್ಲೇ ಶತ್ರುವನ್ನು ತಡೆಯುವ ಪಡೆ ಮೈಸೂರಿಗೆ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಾಯಿತು.

ನಮ್ಮ ಧಾರವಾಡ ಕೋಟೆಯ ಕಥೆಯಲ್ಲೂ ಕಡಲಿದೆ ಎಂದರೆ ನಂಬುತ್ತೀರಾ? 1790ರಿಂದ 1791ರ ಏಪ್ರಿಲ್‌ವರೆಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ಆ ಕೋಟೆಯನ್ನು ಸುಮಾರು ಏಳು ತಿಂಗಳು ಕಾಯ್ದ. ಮುತ್ತಿಗೆ ಹಾಕಿದವನು ಪರಶುರಾಮ ಭಾವು. ಅವನ ಜೊತೆ ಕ್ಯಾಪ್ಟನ್ ಲಿಟ್ಲ್‌ನ ಮುಂಬಯಿ ಪಲ್ಟಣಗಳಿದ್ದವು. ಆ ಪಲ್ಟಣಗಳು ಮುಂಬಯಿಯಲ್ಲಿ ಹಡಗು ಹತ್ತಿ, ಕೊಂಕಣದಲ್ಲಿ ಇಳಿದು, ಆಂಬಾ ಘಟ್ಟ ಏರಿ ನಮ್ಮ ಎರೆ ಹೊಲಗಳನ್ನು ತುಳಿಯುತ್ತ ಧಾರವಾಡಕ್ಕೆ ಬಂದವು. ಸಿಪಾಯಿಯನ್ನು ಹಡಗಿನಲ್ಲಿ ಒಯ್ದು ಬೇಕಾದ ದಡದಲ್ಲಿ ಇಳಿಸುವ ಶಕ್ತಿ ಯಾರಿಗಿದೆಯೋ ಅವರು ಕಡಲಿಲ್ಲದ ಊರಿಗೂ ಬರಬಲ್ಲರು.

ಟಿಪ್ಪು ಸುಲ್ತಾನ್ ಇದನ್ನು ಅರ್ಥಮಾಡಿಕೊಂಡಿದ್ದನೆಂಬುದಕ್ಕೆ 1796ರ ಅವನ ಹುಕುಂನಾಮೆ ಸಾಕ್ಷಿ. ಅದುವರೆಗೆ ಹಡಗುಗಳು ವ್ಯಾಪಾರ ಇಲಾಖೆಯ ಅಧೀನದಲ್ಲಿದ್ದವು. ಆ ವರ್ಷ ನೌಕಾದಳಕ್ಕೇ ಒಂದು ಪ್ರತ್ಯೇಕ ಮಂಡಳಿ ಮಾಡಿದ. ಅದರಲ್ಲಿ 11 ಮಂದಿ 'ಮೀರ್ ಯಮ್'ಗಳು. ಅವರ ಕೆಳಗೆ 'ಮೀರ್ ಬಹರ್'ಗಳು. ಯಮ್ ಎಂದರೂ ಬಹರ್ ಎಂದರೂ ಅರಬ್ಬಿಯಲ್ಲಿ ಕಡಲೇ. ಒಂದೇ ಅರ್ಥದ ಎರಡು ಪದಗಳಿಂದ ಎರಡು ದರ್ಜೆ ಮಾಡಿದ ಸುಲ್ತಾನನ ಭಾಷಾಪ್ರೇಮಕ್ಕೆ ಭಾಷಾ ಶಿಕ್ಷಕನಾದ ನಾನು ತಲೆದೂಗಲೇಬೇಕು! ಸುಮಾರು 40 ಯುದ್ಧನೌಕೆಗಳ ಯೋಜನೆ, ಮೂರು ಕಚೇರಿಗಳು. ಅವುಗಳಲ್ಲಿ ಮಂಗಳೂರೂ, ಕಾರವಾರದ ಬಳಿಯ ಸದಾಶಿವಗಡವೂ ಸೇರಿದ್ದವು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಹಡಗಿನೊಳಗಿನ ಏರ್ಪಾಟು. ತೋಪುಗಳ ಹೊಣೆ ಒಬ್ಬ ಅಧಿಕಾರಿಗೆ, ಬಂದೂಕಿನ ಸಿಪಾಯಿಗಳ ಹೊಣೆ ಇನ್ನೊಬ್ಬನಿಗೆ, ಹಡಗು ನಡೆಸುವ ಹೊಣೆ ಮತ್ತೊಬ್ಬನಿಗೆ. ಎಲ್ಲರ ಮೇಲೆ ಹಡಗಿನ ಮುಖ್ಯ ಸರದಾರ. ತಂದೆಯ ಕಾಲದಲ್ಲಿ ಹೊನ್ನಾವರದ ಎದುರು ಕಲಿತ ಪಾಠ ಮಗನ ಹುಕುಂನಾಮೆಯಲ್ಲಿ ಕಾನೂನಾಗಿ ಬಂದಿದೆ ಎಂದು ನನಗನಿಸುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಸಭೆ ಸಮಾರಂಭಗಳಲ್ಲಿ ಟಿಪ್ಪುವಿನ ನೌಕಾಪಡೆ ಬ್ರಿಟಿಷರನ್ನು ಕಡಲಲ್ಲಿ ನಡುಗಿಸಿತು ಎಂದು ಭಾಷಣ ಮಾಡುವವರಿದ್ದಾರೆ. ಹಾಗೆ ನಡೆಯಲಿಲ್ಲ. ಹುಕುಂನಾಮೆ ಹೊರಟ ಮೂರೇ ವರ್ಷಕ್ಕೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಯೋಜಿಸಿದ ನೌಕಾದಳ ಕಡಲಿಗಿಳಿದು ಕಾದಾಡಲೇ ಇಲ್ಲ. ಹಿರಿಯರ ಮೇಲಿನ ಅಭಿಮಾನಕ್ಕೆ ಸುಳ್ಳಿನ ಆಸರೆ ಬೇಕಿಲ್ಲ. ಮಕ್ಕಳು ಪರೀಕ್ಷೆಯಲ್ಲಿ ಅಂಥದ್ದನ್ನು ಬರೆದರೆ ನಾನಂತೂ ಅಂಕ ಕೊಡುವುದಿಲ್ಲ.

ಅತ್ತ ಮುಂಬಯಿಯಲ್ಲಿ ಕಂಪನಿ ಸರಕಾರ 1777ರಲ್ಲಿ ಮರೀನ್ ಬೆಟಾಲಿಯನ್ ಎಂಬ ದೇಶೀ ಸಿಪಾಯಿಗಳ ಪಲ್ಟಣವನ್ನೇ ಕಟ್ಟಿತ್ತು. ಅದರ ಸಿಪಾಯಿಗಳು ಕಂಪನಿಯ ಹಡಗುಗಳ ಮೇಲೆ ಪರ್ಶಿಯನ್ ಕೊಲ್ಲಿಯವರೆಗೂ ಹೋದರು. ಕೆಲಸ ಹಡಗಿನ ಮೇಲೆ, ಹೆಸರು ಮಾತ್ರ ಮುಂಬಯಿ ಸೈನ್ಯದ ಪಟ್ಟಿಯಲ್ಲಿ. ಮುಂದೆ ಅದು ಮುಂಬಯಿಯ 21ನೆಯ ಪಲ್ಟಣವಾಯಿತು. ಹಬೆ ಹಡಗು ಬಂದು, ಹಡಗಿಗೆ ಹಡಗು ತಾಗಿಸಿ ಬಂದೂಕಿನಿಂದ ಕಾದುವ ಕಾಲ ಮುಗಿದ ಮೇಲೆ ಅವರಿಗೆ ಕೆಲಸವೇ ಉಳಿಯಲಿಲ್ಲ. 1903ರಲ್ಲಿ ಅವರನ್ನು 121ನೆಯ ಪಯೋನಿಯರ್ಸ್ ಎಂದು ಹೆಸರಿಸಿ ರಸ್ತೆ, ಕಂದಕಗಳ ಕೆಲಸದ ಪಡೆಯಾಗಿಸಿದರು. 1933ರಲ್ಲಿ ಬರಖಾಸ್ತು ಮಾಡಿದರು. ನೂರೈವತ್ತಕ್ಕೂ ಹೆಚ್ಚು ವರ್ಷ ಬಾಳಿದ ಒಂದು ಪಡೆ ಯಾವ ಸದ್ದೂ ಇಲ್ಲದೆ ಹೋಯಿತು. ಅದನ್ನು ತಮ್ಮದೆಂದು ಹಿಡಿದು ನಿಲ್ಲಲು ನೌಕಾದಳದವರೂ ಇರಲಿಲ್ಲ, ಸೈನ್ಯದವರೂ ಇರಲಿಲ್ಲ.

ಅಮೆರಿಕದಲ್ಲಿ ಹೀಗಾಗಲಿಲ್ಲ. ಅಲ್ಲಿನ ಮರೀನ್ ಪಡೆ 1775ರಲ್ಲಿ ಹುಟ್ಟಿತು. 1834ರ ಕಾನೂನು ಅದನ್ನು ನೌಕಾ ಇಲಾಖೆಯ ಅಡಿಯಲ್ಲಿಟ್ಟು, ಅಧ್ಯಕ್ಷರು ಬಯಸಿದರೆ ಸೈನ್ಯದ ಜೊತೆ ಕಳಿಸಬಹುದೆಂದಿತು. 1950ರಲ್ಲಿ ಅಧ್ಯಕ್ಷ ಟ್ರೂಮನ್ ಆ ಪಡೆಯನ್ನು ನೌಕಾಪಡೆಯ ಪೊಲೀಸರೆಂದು ಹಗುರವಾಗಿ ಬರೆದು ಕ್ಷಮೆ ಕೇಳಬೇಕಾಯಿತು. 1952ರಲ್ಲಿ ಅದು ಎಷ್ಟು ದೊಡ್ಡದಿರಬೇಕೆಂಬುದನ್ನೇ ಕಾನೂನು ಮಾಡಿದರು. 1978ರಲ್ಲಿ ಅದರ ಮುಖ್ಯಸ್ಥನಿಗೆ ಮೂರು ಪಡೆಗಳ ಮುಖ್ಯಸ್ಥರ ಸರಿಸಮನಾಗಿ ಕುಳಿತುಕೊಳ್ಳುವ ಪೂರ್ಣ ಸದಸ್ಯತ್ವ ಸಿಕ್ಕಿತು. ಇಲಾಖೆ ನೌಕಾಪಡೆಯದೇ, ಗೌರವ ಮಾತ್ರ ಪ್ರತ್ಯೇಕ ಪಡೆಯದು.

ಸ್ವತಂತ್ರ ಭಾರತ ಇಂಥ ಪ್ರತ್ಯೇಕ ಪಡೆಯನ್ನು ಕಟ್ಟಲಿಲ್ಲ. ಅದರಿಂದ ಏನಾಯಿತೆಂದು ತಿಳಿಯಲು ಕಾರವಾರದ ಕಡೆ ನೋಡಬೇಕು. ಕಾರವಾರಕ್ಕೆ ಹತ್ತಿರದ ಅಂಜದೀವ್ ದ್ವೀಪ 1961ರವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಅದನ್ನು ಹಿಡಿಯುವ ಹೊಣೆ ನೌಕಾಪಡೆಗೆ ಬಂತು. ಇಳಿಸಲು ಮರೀನ್‌ಗಳಿರಲಿಲ್ಲ. ಐಎನ್ಎಸ್ ತ್ರಿಶೂಲ್ ಹಡಗಿನಿಂದ ನಾವಿಕರೇ ಬಂದೂಕು ಹಿಡಿದು ದೋಣಿಗಳಲ್ಲಿ ದಡಕ್ಕೆ ಹೋದರು. ನಮ್ಮ ರಾಜ್ಯದ ಆಗಿನ ಹೆಸರನ್ನೇ ಹೊತ್ತ ಐಎನ್ಎಸ್ ಮೈಸೂರ್ ತೋಪಿನ ಬೆಂಬಲ ಕೊಟ್ಟಿತು. ದಡದಲ್ಲಿ ಗುಂಡಿನ ಮಳೆ ಎದುರಾಯಿತು. ದ್ವೀಪ ನಮ್ಮದಾಯಿತು, ಆದರೆ 7 ಮಂದಿ ನೌಕಾಪಡೆಯವರು ಪ್ರಾಣ ಕೊಟ್ಟರು. ಹಡಗಿನ ಕೆಲಸಕ್ಕೆ ಸೇರಿದವರು ಅವರು. ಕಾಲಾಳುಗಳಂತೆ ಬರಿದಾದ ದಂಡೆಯ ಮೇಲೆ ಓಡಿದರು.

ಹತ್ತು ವರ್ಷದ ನಂತರ ಇದರ ಇನ್ನೊಂದು ಮುಖ ಕಂಡಿತು. 1971ರ ಡಿಸೆಂಬರ್‌ನಲ್ಲಿ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್‌ನಲ್ಲಿ ಸೈನ್ಯ ಇಳಿಸಬೇಕಾಯಿತು. ಈ ಸಲ ನಾವಿಕರಲ್ಲ, ಭೂಸೇನೆಯ ಗೂರ್ಖಾ ಸಿಪಾಯಿಗಳು. ಬೆಟ್ಟದ ಯುದ್ಧದಲ್ಲಿ ಅವರಿಗೆ ಸಾಟಿಯಿಲ್ಲ. ಆದರೆ ಇಳಿಸುವ ಹಡಗು ದಡ ಮುಟ್ಟುವ ಮೊದಲೇ ನಿಂತಿತು, ನೀರು ಆಳವಿತ್ತು, ಬೆನ್ನ ಮೇಲೆ ಭಾರವಿತ್ತು. ಶತ್ರುವಿನ ಗುಂಡಿಲ್ಲದೆಯೇ ಇಬ್ಬರು ಮುಳುಗಿ ತೀರಿಕೊಂಡರು. ಅಂಜದೀವ್‌ನಲ್ಲಿ ಕಡಲು ಬಲ್ಲವರಿಗೆ ನೆಲದ ಯುದ್ಧ ಕೊಟ್ಟೆವು, ಕಾಕ್ಸ್ ಬಜಾರ್‌ನಲ್ಲಿ ನೆಲ ಬಲ್ಲವರಿಗೆ ಕಡಲು ಕೊಟ್ಟೆವು. ಇದನ್ನು ಓದಿದ ದಿನ ನನಗೆ ಲುತ್ಫ್ ಅಲಿ ಬೇಗ್ ನೆನಪಾದ.

ಆಮೇಲೆ ಸುಧಾರಣೆಗಳಾದವು. 1987ರಲ್ಲಿ ನೌಕಾಪಡೆ ತನ್ನದೇ ಕಮಾಂಡೋ ದಳವನ್ನು ಕಟ್ಟಿತು. ಇಂದು ಮಾರ್ಕೋಸ್ ಎಂದು ಹೆಸರಾದದ್ದು ಅದೇ. 2008ರ ನವೆಂಬರ್‌ನಲ್ಲಿ ಮುಂಬಯಿಯ ತಾಜ್ ಹೋಟೆಲಿಗೆ ನುಗ್ಗಿದವರು ಅವರೇ, ನಮ್ಮ ಹುಡುಗ ಟಿವಿಯಲ್ಲಿ ಕಂಡವರೂ ಅವರೇ. ಆದರೆ ಅವರದು ಆಯ್ದ ಕೆಲವರ ದಳ. ಸಾವಿರಾರು ಸಿಪಾಯಿಗಳನ್ನು ದಡಕ್ಕಿಳಿಸುವ ಕೆಲಸ ಇಂದಿಗೂ ಭೂಸೇನೆಯ ತರಬೇತಿ ಪಡೆದ ಬ್ರಿಗೇಡುಗಳದ್ದು. ಅವರನ್ನು ಒಯ್ಯುವ ಹಡಗು ನೌಕಾಪಡೆಯದು. 2007ರಲ್ಲಿ ಸೇರಿದ ಐಎನ್ಎಸ್ ಜಲಾಶ್ವ ಅಂಥದೊಂದು ದೊಡ್ಡ ಹಡಗು.

ಹಾಗಾದರೆ ಆ ಹಡಗಿನೊಳಗೆ ಕುಳಿತ ಭೂಸೇನೆಯ ಸಿಪಾಯಿ ತಪ್ಪು ಮಾಡಿದರೆ ವಿಚಾರಿಸುವವರು ಯಾರು? ಸಿಪಾಯಿಗೆ 1950ರ ಸೇನಾ ಕಾಯಿದೆ, ನಾವಿಕನಿಗೆ 1957ರ ನೌಕಾಪಡೆ ಕಾಯಿದೆ. ಮೂರೂ ಪಡೆಗಳವರು ಸೇರಿ ದುಡಿಯುವ ಅಂಡಮಾನ್ ಮತ್ತು ನಿಕೋಬಾರ್ ಕಮಾಂಡ್ 2001ರಲ್ಲೇ ಆರಂಭವಾದರೂ, ಒಂದು ಪಡೆಯ ಅಧಿಕಾರಿ ಇನ್ನೊಂದು ಪಡೆಯವನ ಮೇಲೆ ಶಿಸ್ತುಕ್ರಮ ಕೈಗೊಳ್ಳುವಂತಿರಲಿಲ್ಲ. ಅವನನ್ನು ಅವನ ಮೂಲ ಘಟಕಕ್ಕೆ ಮರಳಿ ಕಳಿಸಬೇಕಾಗುತ್ತಿತ್ತು. 2023ರಲ್ಲಿ ಸಂಸತ್ತು ಇದಕ್ಕಾಗಿ ಒಂದು ಕಾಯಿದೆ ಮಾಡಿತು. ಅದು 2024ರ ಮೇ ತಿಂಗಳಿಂದ ಜಾರಿಯಲ್ಲಿದೆ. ಈಗ ಜಂಟಿ ಕಮಾಂಡಿನ ಮುಖ್ಯಸ್ಥರು ಯಾವ ಪಡೆಯವರೇ ಆಗಿರಲಿ, ತಮ್ಮ ಕೆಳಗಿನ ಎಲ್ಲರನ್ನೂ ಅವರವರ ಕಾಯಿದೆಯ ಪ್ರಕಾರ ವಿಚಾರಿಸಬಹುದು. ಸಿಪಾಯಿಯ ಮನೆ ಬದಲಾಗಿಲ್ಲ, ಮನೆಯ ಹಿರಿಯನಷ್ಟೇ ಒಬ್ಬನಾಗಿದ್ದಾನೆ. ನನ್ನ ಅಭಿಪ್ರಾಯದಲ್ಲಿ ಪ್ರತ್ಯೇಕ ಮರೀನ್ ಪಡೆ ಕಟ್ಟಬೇಕೋ ಬೇಡವೋ ಎಂಬ ಚರ್ಚೆಗಿಂತ ಇದು ಹೆಚ್ಚು ಉಪಯುಕ್ತ ಹೆಜ್ಜೆ. ತಜ್ಞರಲ್ಲಿ ಬೇರೆ ಅಭಿಪ್ರಾಯಗಳೂ ಇವೆ.

ಹುಡುಗನಿಗೆ ಕೊನೆಗೂ ಉತ್ತರ ಹೇಳಿದೆ. "ನಮ್ಮ ದೇಶದಾಗ ಮರೀನ್ ಅಂತ ಬ್ಯಾರೆ ಸೈನ್ಯ ಇಲ್ಲಪಾ. ಮರೀನ್ ಕಮಾಂಡೋ ಆಗಬೇಕಂದ್ರ ಮೊದಲ ನೇವಿ ಸೇರಬೇಕು, ಅಲ್ಲಿಂದ ಆರಿಸ್ತಾರ. ಹಡಗಿನಿಂದ ಇಳದು ಕಾದಾಡೋ ಪಲ್ಟಣದಾಗ ಇರಬೇಕಂದ್ರ ಮಿಲಿಟ್ರಿ ಸೇರಬೇಕು, ಅವ್ರು ಹಾಕಿದಲ್ಲಿ ಹೋಗಬೇಕು." ಅವನು ಸ್ವಲ್ಪ ಹೊತ್ತು ಯೋಚಿಸಿ, "ಈಜು ಬರಬೇಕೇನ್ರಿ ಸರ?" ಎಂದ. ಬೆಣ್ಣಿಹಳ್ಳದ ದಂಡೆಯ ಹುಡುಗನಿಗೆ ಈಜು ಬರುತ್ತಿರಲಿಲ್ಲ.

ಆ ವರ್ಷದ ಶಾಲಾ ಪ್ರವಾಸವನ್ನು ಕಾರವಾರಕ್ಕೆ ಇಟ್ಟುಕೊಂಡೆವು. ಟಾಗೋರ್ ಕಡಲತೀರದಲ್ಲಿ ಐಎನ್ಎಸ್ ಚಪಲ್ ಎಂಬ ಹಳೆಯ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಮಕ್ಕಳು ಅದರ ಕಿರಿದಾದ ಏಣಿಗಳನ್ನು ಹತ್ತಿ ಇಳಿದರು, ಮಲಗುವ ಜಾಗ ಇಷ್ಟೇನಾ ಎಂದು ಬಾಯಿ ತೆರೆದರು. ಅಂಜದೀವ್ ಇಂದು ಐಎನ್ಎಸ್ ಕದಂಬ ನೌಕಾನೆಲೆಯ ಭಾಗ; 2005ರಲ್ಲಿ ಆ ನೆಲೆ ಸೇವೆಗೆ ಸೇರಿತು, ದ್ವೀಪಕ್ಕೂ ದಡಕ್ಕೂ ನಡುವೆ ಕಲ್ಲಿನ ತಡೆಗೋಡೆ ಹಾಕಿದ್ದಾರೆ, ಜನಸಾಮಾನ್ಯರಿಗೆ ಪ್ರವೇಶವಿಲ್ಲ. ಹುಡುಗ ಮಾತ್ರ ಪ್ಯಾಂಟನ್ನು ಮೊಳಕಾಲಿನ ತನಕ ಮಡಚಿಕೊಂಡು ನೀರಿನಲ್ಲಿ ನಿಂತು ಆ ದಿಕ್ಕಿಗೇ ನೋಡುತ್ತಿದ್ದ. ಈಗ ರಜೆಯ ದಿನಗಳಲ್ಲಿ ಊರ ಕೆರೆಯಲ್ಲಿ ಚಿಕ್ಕಪ್ಪನ ಕೈಯಲ್ಲಿ ಈಜು ಕಲಿಯುತ್ತಿದ್ದಾನೆ.